ಮೊದಲ ಎರಡು ದಿನಗಳು

ಇನ್‌ಫ್ಲುಯೆಂಜಾ ಜ್ವರದ ಆಗಮನದಲ್ಲಿ ಒಂದು ವಿಶೇಷವುಂಟು; ಅದು ತನ್ನನ್ನು ಯಾವ ಹೊತ್ತಿಗೆ ಹಿಡಿಯಿತೆಂಬುದನ್ನು ರೋಗಿಯು ಅನೇಕ ವೇಳೆ ಗಂಟೆಯ ಲೆಕ್ಕದಲ್ಲಿ ಹೇಳಬಲ್ಲನು. ಬೆಳಗ್ಗೆ ಎಂದಿನಂತೆ ಎದ್ದು ಸ್ನಾನ ಉಪಾಹಾರಗಳನ್ನು ಮುಗಿಸಿ ಕೆಲಸಕ್ಕೆ ಹೊರಟವನು, ಮಧ್ಯಾಹ್ನದ ಊಟದ ವೇಳೆಗೆ ಬೆನ್ನಿನಲ್ಲಿ ಸಣ್ಣದೊಂದು ಚಳಿಯೆದ್ದು, ಮೂರು ಗಂಟೆಯ ಹೊತ್ತಿಗೆ ತಲೆ ಸಿಡಿಯತೊಡಗಿ, ಸಂಜೆ ಮನೆ ಸೇರುವಷ್ಟರಲ್ಲಿ ಸೊಂಟ ತೊಡೆ ಹೆಗಲುಗಳೆಲ್ಲ ನುಗ್ಗಾಗಿ, 102 ಡಿಗ್ರಿ ಜ್ವರದೊಡನೆ ಹಾಸಿಗೆ ಹಿಡಿಯುತ್ತಾನೆ. ಒಣಕೆಮ್ಮು, ಗಂಟಲ ನೋವು, ಅನ್ನದ ವಾಸನೆಯೇ ಬೇಡವೆನಿಸುವ ಅರುಚಿ, ಎದ್ದು ನಿಲ್ಲಲಾರದಷ್ಟು ನಿತ್ರಾಣ ಇವೆಲ್ಲವೂ ಅದೇ ರಾತ್ರಿಯೋ ಮರುದಿನವೋ ಬಂದು ಕೂಡಿಕೊಳ್ಳುತ್ತವೆ. ಹೀಗೆ ಹಠಾತ್ತನೆ ಎರಗುವ ಈ ಗುಣವೇ ರೋಗವನ್ನು ಗುರುತಿಸುವುದಕ್ಕೆ ನಮಗೆ ದೊರೆಯುವ ಮೊದಲನೆಯ ಮತ್ತು ಅತ್ಯಂತ ಉಪಯುಕ್ತವಾದ ಸುಳಿವು.

ನೆಗಡಿಯ ನಡಿಗೆ ಬೇರೆ. ಅದು ಮೊದಲ ದಿನ ಗಂಟಲ ಕೆರೆತವಾಗಿ, ಎರಡನೆಯ ದಿನ ಸೀನಾಗಿ, ಮೂರನೆಯ ದಿನ ಸುರಿಯುವ ಮೂಗಾಗಿ, ತನ್ನ ಪಾಡಿಗೆ ತಾನು ನಿಧಾನವಾಗಿ ಬೆಳೆದು ನಿಧಾನವಾಗಿಯೇ ಇಳಿಯುತ್ತದೆ. ದೊಡ್ಡವರಿಗೆ ಅದರಲ್ಲಿ ಜ್ವರ ಬರುವುದು ಅಪರೂಪ, ಬಂದರೂ ಮೈ ಬೆಚ್ಚಗಾಗುವುದಕ್ಕಿಂತ ಹೆಚ್ಚಿಗೆ ಏರುವುದಿಲ್ಲ. ನೆಗಡಿಯಲ್ಲಿ ಪೀಡೆಯೆಲ್ಲವೂ ಮೂಗಿನದು. ಇನ್‌ಫ್ಲುಯೆಂಜಾದಲ್ಲಿ ಇಡಿಯ ಶರೀರದ್ದು. ಆದರೂ ಎಲ್ಲ ರೋಗಿಗಳೂ ಈ ಮಾದರಿಗೆ ಸರಿಯಾಗಿ ಒಪ್ಪುವರೆಂದು ತಿಳಿಯಲಾಗದು. ಎಪ್ಪತ್ತು ದಾಟಿದ ವೃದ್ಧರಲ್ಲಿ ಜ್ವರವೇ ಕಾಣಿಸದೆ, ಊಟ ಬಿಟ್ಟು ಮಂಕಾಗಿ ಕುಳಿತಿರುವುದೊಂದೇ ರೋಗಲಕ್ಷಣವಾಗಿರುವುದುಂಟು. ಚಿಕ್ಕ ಮಕ್ಕಳಲ್ಲಿ ಜ್ವರದೊಡನೆ ವಾಂತಿಭೇದಿಗಳು ಸೇರಿಕೊಂಡು, ಹೊಟ್ಟೆಯದೇ ಏನೋ ಕೆಟ್ಟಿದೆಯೆಂದು ತಾಯಂದಿರು ಭಾವಿಸುವುದುಂಟು. ಸೋಂಕು ತಗುಲಿಯೂ ಮೈಯಲ್ಲಿ ಏನೊಂದೂ ತೋರದೆ ಓಡಾಡಿಕೊಂಡಿರುವವರೂ ಇದ್ದಾರೆ.

ನಮ್ಮ ನಾಡಿನಲ್ಲಿ ಜ್ವರವೆಂದ ಮಾತ್ರಕ್ಕೆ ನೆನೆಯಬೇಕಾದ ರೋಗಗಳು ಬೇರೆಯೂ ಇರುವುದರಿಂದ ವಿವೇಚನೆಗೆ ಇನ್ನಷ್ಟು ಸೂಕ್ಷ್ಮತೆ ಬೇಕಾಗುತ್ತದೆ. ಇನ್‌ಫ್ಲುಯೆಂಜಾ ಹೆಚ್ಚಾಗುವ ಮಳೆಗಾಲದಲ್ಲಿಯೇ ಡೆಂಗಿಯೂ ಹೆಚ್ಚುತ್ತದೆ. ಅದರಲ್ಲಿಯೂ ಜ್ವರ ಥಟ್ಟನೆ ಏರಿ ಮೈಯೆಲ್ಲ ನೋಯುತ್ತದೆ. ಆದರೆ ಡೆಂಗಿಯಲ್ಲಿ ನೋವು ಕಣ್ಣುಗುಡ್ಡೆಗಳ ಹಿಂದೆ ಕೇಂದ್ರೀಕೃತವಾಗಿರುವುದು, ಚರ್ಮದ ಮೇಲೆ ಕೆಂಪು ಗಂಧೆಗಳು ಏಳುವುದು, ಕೆಮ್ಮು ನೆಗಡಿಗಳು ಸಾಮಾನ್ಯವಾಗಿ ಇಲ್ಲದಿರುವುದು ಇವು ಗಮನಾರ್ಹ. ಕೆಸರುಗದ್ದೆಯಲ್ಲಿ ದುಡಿದವನಿಗೆ ಮೀನಖಂಡಗಳು ವಿಪರೀತವಾಗಿ ನೊಂದು ಕಣ್ಣು ಕೆಂಪೇರಿದರೆ ಇಲಿಜ್ವರವನ್ನು ಶಂಕಿಸಬೇಕು. ಚಳಿಗಾಲ ಬೇಸಗೆಗಳಲ್ಲಿ ಮಲೆನಾಡಿನ ಕಾಡಿಗೆ ಸೌದೆ ದರಕುಗಳಿಗಾಗಿ ಹೋಗಿಬಂದವನಿಗೆ ಇಂಥ ಜ್ವರ ಬಂದರೆ ಮಂಗನ ಕಾಯಿಲೆಯನ್ನು ಮರೆಯಲಾಗದು. ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಆ ರೋಗ ಮೊದಲು ಪತ್ತೆಯಾದದ್ದು 1957ರಲ್ಲಿ, ಏಷ್ಯನ್ ಫ್ಲೂ ಎಂಬ ಇನ್‌ಫ್ಲುಯೆಂಜಾ ದೇಶವನ್ನೆಲ್ಲ ವ್ಯಾಪಿಸಿದ ವರ್ಷದಲ್ಲಿಯೇ. ಇನ್ನು ಕೋವಿಡ್ಡನ್ನು ಲಕ್ಷಣಗಳಿಂದಲೇ ಬೇರೆ ಮಾಡಿ ಹೇಳುವುದು ನುರಿತ ವೈದ್ಯರಿಗೂ ಸಾಧ್ಯವಲ್ಲ, ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಆದುದರಿಂದ ಮನೆಯವರು ಮಾಡಬೇಕಾದದ್ದು ರೋಗನಿರ್ಣಯವಲ್ಲ, ಶಂಕೆ. ಹಠಾತ್ತನೆ ಬಂದ ಜ್ವರ, ಕೆಮ್ಮು, ಮೈಕೈನೋವು ಈ ಮೂರೂ ಕೂಡಿದ್ದರೆ, ಅದರಲ್ಲಿಯೂ ನೆರೆಯಲ್ಲೋ ಶಾಲೆಯಲ್ಲೋ ಅಂಥವೇ ಜ್ವರಗಳು ಎದ್ದಿದ್ದರೆ, ಇನ್‌ಫ್ಲುಯೆಂಜಾ ಎಂದು ಭಾವಿಸಿಯೇ ನಡೆದುಕೊಳ್ಳತಕ್ಕದ್ದು. ಹೀಗೆ ಶಂಕಿಸುವುದರಲ್ಲಿ ಎಷ್ಟು ವಿಳಂಬವಾಗುವುದೋ ಅಷ್ಟೂ ಆ ರೋಗಕ್ಕೆ ಲಾಭ ಎಂಬುದನ್ನು ತೋರಿಸುವುದೇ ಈ ಅಧ್ಯಾಯದ ಉದ್ದೇಶ.

ಈ ರೋಗದ ಕಾರಣವು ಬಹುಕಾಲ ವಿಜ್ಞಾನಿಗಳ ಕೈಗೆ ಸಿಗಲಿಲ್ಲ. 1892ರಲ್ಲಿ ರಿಚರ್ಡ್ ಫೈಫರ್ ಎಂಬ ಜರ್ಮನ್ ಪಂಡಿತನು ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯವನ್ನು ಕಂಡು ಇದೇ ಇನ್‌ಫ್ಲುಯೆಂಜಾದ ಮೂಲವೆಂದು ಸಾರಿದನು. ಜಗತ್ತು ಅದನ್ನು ನಂಬಿತು. 1918ರ ಮಹಾಮಾರಿಯಲ್ಲಿ ವೈದ್ಯರು ಹುಡುಕಿದ್ದೂ ಆ ಬ್ಯಾಕ್ಟೀರಿಯವನ್ನೇ. ನಿಜವಾದ ಕಾರಣ ಹೊರಬಿದ್ದದ್ದು 1933ರಲ್ಲಿ. ಆ ವರ್ಷ ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೈಡ್ಲಾ ಎಂಬ ಮೂವರು, ರೋಗಿಗಳು ಬಾಯಿ ಮುಕ್ಕಳಿಸಿದ ನೀರನ್ನು ಬ್ಯಾಕ್ಟೀರಿಯಗಳೊಂದೂ ದಾಟಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಸಣ್ಣ ಪ್ರಾಣಿಗಳ ಮೂಗಿಗೆ ಬಿಟ್ಟರು. ಫೆರೆಟ್‌ಗಳು ಜ್ವರ ಬಂದು ಮನುಷ್ಯರ ಹಾಗೆಯೇ ಸೀನತೊಡಗಿದವು. ಸೋಸುಕವನ್ನೂ ದಾಟಿಬಂದ ಆ ವಸ್ತುವೇ ವೈರಸ್. ಕೆಲವು ವರ್ಷಗಳ ತರುವಾಯ, ಅದೇ ತಂಡದ ಚಾರ್ಲ್ಸ್ ಸ್ಟುವರ್ಟ್ ಹ್ಯಾರಿಸ್ ಎಂಬ ತರುಣ ವೈದ್ಯನು ರೋಗಗ್ರಸ್ತವಾದ ಫೆರೆಟ್ ಒಂದನ್ನು ಪರೀಕ್ಷಿಸುತ್ತಿದ್ದಾಗ ಅದು ಅವನ ಮುಖದ ಮೇಲೆಯೇ ಸೀನಿತು; ಎರಡು ದಿನ ಕಳೆಯುವಷ್ಟರಲ್ಲಿ ಅವನಿಗೆ ಇನ್‌ಫ್ಲುಯೆಂಜಾ ಹಿಡಿಯಿತು. ಈ ಆಕಸ್ಮಿಕದಿಂದ ರೋಗದ ಕಾರಣ, ಅದು ಹರಡುವ ಮಾರ್ಗ, ಹರಡುವುದಕ್ಕೆ ತಗಲುವ ಕಾಲ ಈ ಮೂರೂ ಒಮ್ಮೆಗೇ ರುಜುವಾತಾದವು.

ವೈರಸ್ಸಿನ ಗಾತ್ರ ಸುಮಾರಾಗಿ ಒಂದು ಮಿಲಿಮೀಟರಿನ ಹತ್ತುಸಾವಿರದಲ್ಲಿ ಒಂದು ಪಾಲು. ಒಳಗೆ ಎಂಟು ತುಂಡುಗಳಾಗಿ ಹಂಚಿಹೋದ ಆರ್‌ಎನ್‌ಎ, ಹೊರಗೆ ಕೊಬ್ಬಿನ ತೆಳುವಾದೊಂದು ಕವಚ, ಕವಚದ ಮೇಲೆಲ್ಲ ಎರಡು ಬಗೆಯ ಪ್ರೋಟೀನ್ ಮುಳ್ಳುಗಳು. ಒಂದು, ಶ್ವಾಸನಾಳದ ಜೀವಕೋಶಕ್ಕೆ ಅಂಟಿಕೊಳ್ಳಲು ನೆರವಾಗುವ ಹೀಮಾಗ್ಲುಟಿನಿನ್, ಇನ್ನೊಂದು, ಹೊಸದಾಗಿ ಹುಟ್ಟಿದ ವೈರಸ್‌ಗಳನ್ನು ಆ ಕೋಶದಿಂದ ಬಿಡಿಸಿ ಕಳುಹಿಸುವ ನ್ಯೂರಾಮಿನಿಡೇಸ್. ಎಚ್1ಎನ್1, ಎಚ್3ಎನ್2 ಮೊದಲಾದ ಹೆಸರುಗಳಲ್ಲಿನ ಅಕ್ಷರಗಳು ಈ ಎರಡು ಪ್ರೋಟೀನ್‌ಗಳನ್ನೇ ಸೂಚಿಸುತ್ತವೆ. ಕೋಶದೊಳಗೆ ಹೊಕ್ಕ ಕೆಲವೇ ಗಂಟೆಗಳಲ್ಲಿ ವೈರಸ್ಸಿನ ಸಂತತಿ ಹೊರಬೀಳಲಾರಂಭಿಸುತ್ತದೆ. ಸೋಂಕು ತಗುಲಿದ ದಿನದಿಂದ ಜ್ವರ ಕಾಣಿಸಿಕೊಳ್ಳುವ ದಿನಕ್ಕೆ ಒಂದರಿಂದ ನಾಲ್ಕು ದಿನ, ಸಾಮಾನ್ಯವಾಗಿ ಎರಡು ದಿನದ ಅಂತರ. ರೋಗಿಯು ಇತರರಿಗೆ ಸೋಂಕನ್ನು ಕೊಡಲಾರಂಭಿಸುವುದಾದರೋ ಜ್ವರ ಬರುವುದಕ್ಕೆ ಒಂದು ದಿನ ಮೊದಲೇ. ಜ್ವರ ಬಂದ ಮೊದಲ ಎರಡು ಮೂರು ದಿನಗಳಲ್ಲಿ ಅವನ ಮೂಗು ಗಂಟಲುಗಳಲ್ಲಿ ವೈರಸ್ ತುಂಬಿತುಳುಕುತ್ತಿರುತ್ತದೆ. ಐದಾರು ದಿನಗಳ ತರುವಾಯ ಅದು ಬಹುಮಟ್ಟಿಗೆ ಬತ್ತಿಹೋಗುತ್ತದೆ. ಮಕ್ಕಳಲ್ಲಿಯೂ ಪ್ರತಿರೋಧಶಕ್ತಿ ಕುಂದಿದವರಲ್ಲಿಯೂ ಮಾತ್ರ ಅದು ಇನ್ನೂ ಕೆಲವು ದಿನ ಉಳಿದೀತು.

ಈ ಕಾಲಗಣನೆಯನ್ನು ನಮ್ಮ ನಡವಳಿಕೆಯ ಪಕ್ಕದಲ್ಲಿಟ್ಟು ನೋಡಿದರೆ ವಿಷಾದವಾಗುತ್ತದೆ. ಮೊದಲ ದಿನ ನಾವು, ಏನೋ ಹವಾ ಬದಲಾದದ್ದರಿಂದ ಆಯಿತು, ಎಂದು ಕಷಾಯ ಕುಡಿದು ಆಫೀಸಿಗೆ ಹೋಗುತ್ತೇವೆ. ಎರಡನೆಯ ದಿನ ಒಂದು ಪ್ಯಾರಾಸಿಟಮಾಲ್ ನುಂಗಿ, ಜ್ವರ ತಾತ್ಕಾಲಿಕವಾಗಿ ಇಳಿದದ್ದನ್ನೇ ಗುಣವೆಂದು ಬಗೆದು, ಬಸ್ಸು ಹತ್ತುತ್ತೇವೆ, ಇಲ್ಲವೆ ಬಂಧುಗಳ ಮದುವೆಗೆ ಹೋಗಿ ಪಂಕ್ತಿಯಲ್ಲಿ ಕುಳಿತು ಬರುತ್ತೇವೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಏಳಲಾರದೆ ಮಲಗಿದಾಗ ಮಾತ್ರ ಮನೆಯವರು ಎಚ್ಚತ್ತು, ಮಕ್ಕಳನ್ನು ದೂರವಿರಿಸಿ, ಲೋಟ ತಟ್ಟೆಗಳನ್ನು ಬೇರೆ ಮಾಡುತ್ತಾರೆ. ಎಚ್ಚರಿಕೆ ಆರಂಭವಾಗುವ ಹೊತ್ತಿಗೆ ಅಪಾಯದ ಬಹುಭಾಗ ಕಳೆದುಹೋಗಿರುತ್ತದೆ. ಹಾಂಗ್‌ಕಾಂಗಿನ ಕುಟುಂಬಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಸ್ಪಷ್ಟಪಡಿಸಿತು: ಮನೆಯ ಮೊದಲ ರೋಗಿಗೆ ಲಕ್ಷಣಗಳು ಕಾಣಿಸಿಕೊಂಡ 36 ಗಂಟೆಗಳೊಳಗಾಗಿ ಕೈ ತೊಳೆಯುವುದನ್ನೂ ಮಾಸ್ಕನ್ನೂ ಆರಂಭಿಸಿದ ಮನೆಗಳಲ್ಲಿ ಉಳಿದವರಿಗೆ ಸೋಂಕು ಕಡಿಮೆಯಾಯಿತು, ತಡಮಾಡಿದ ಮನೆಗಳಲ್ಲಿ ಅಂಥ ಪ್ರಯೋಜನ ತೋರಲಿಲ್ಲ.

ರೋಗ ಹರಡುವ ಮಾರ್ಗಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಾವು ಹಂಚಿಕೊಂಡು ಉಸಿರಾಡುವ ಗಾಳಿ. ಕೆಮ್ಮಿದಾಗ ಸೀನಿದಾಗ ಹಾರುವ ದಪ್ಪ ಹನಿಗಳು ಒಂದೆರಡು ಮೀಟರಿನೊಳಗೆ ನೆಲ ಸೇರುತ್ತವೆ. ಆದರೆ ಬರಿಯ ಮಾತಿನಲ್ಲಿ, ಉಸಿರಿನಲ್ಲಿ ಹೊರಡುವ ಅತಿಸೂಕ್ಷ್ಮ ತುಂತುರು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರಬಲ್ಲುದು. ಇದಕ್ಕೆ 1977ರಲ್ಲಿ ಅಮೆರಿಕದ ಅಲಾಸ್ಕದಲ್ಲಿ ನಡೆದ ಒಂದು ಪ್ರಸಂಗವನ್ನು ವೈದ್ಯಗ್ರಂಥಗಳು ಇಂದಿಗೂ ಉದಾಹರಿಸುತ್ತವೆ. 54 ಮಂದಿಯನ್ನು ಹೊತ್ತ ವಿಮಾನವೊಂದು ಎಂಜಿನ್ನಿನ ದೋಷದಿಂದ ಮೇಲೇಳಲಾರದೆ ಮೂರು ತಾಸಿನಷ್ಟು ನೆಲದ ಮೇಲೆಯೇ ನಿಂತಿತು. ಆ ಹೊತ್ತಿನಲ್ಲಿ ಗಾಳಿಯಾಡಿಸುವ ಯಂತ್ರ ಕೆಲಸ ಮಾಡುತ್ತಿರಲಿಲ್ಲ. ಪ್ರಯಾಣಿಕರಲ್ಲಿ ಒಬ್ಬರು ಆಗತಾನೆ ಜ್ವರ ಏರಿ ಕೆಮ್ಮುತ್ತಿದ್ದರು. ಮೂರು ದಿನಗಳೊಳಗಾಗಿ ಪ್ರಯಾಣಿಕರಲ್ಲಿ ನೂರಕ್ಕೆ 72 ಮಂದಿಗೆ ಕೆಮ್ಮು ಜ್ವರ ಮೈಕೈನೋವುಗಳು ಬಂದವು. ವಿಮಾನದೊಳಗೆ ಹೆಚ್ಚು ಹೊತ್ತು ಕುಳಿತಿದ್ದವರು ಹೆಚ್ಚಾಗಿ ರೋಗಕ್ಕೆ ತುತ್ತಾದರು. ಮಳೆಗೆಂದು ಟಾರ್ಪಾಲು ಇಳಿಬಿಟ್ಟ, ಗಾಜು ಬಿಗಿದ ನಮ್ಮ ಬಸ್ಸುಗಳೂ, ಹವಾನಿಯಂತ್ರಣಕ್ಕಾಗಿ ಕಿಟಕಿಗಳನ್ನು ಶಾಶ್ವತವಾಗಿ ಮುಚ್ಚಿದ ಕಚೇರಿಗಳೂ, ಅರವತ್ತು ಮಕ್ಕಳನ್ನು ತುಂಬಿದ ತರಗತಿಗಳೂ ಆ ವಿಮಾನಕ್ಕಿಂತ ಬಹಳ ಭಿನ್ನವೆಂದು ನನಗೆ ತೋರುವುದಿಲ್ಲ. ಹಳೆಯ ತೊಟ್ಟಿಮನೆಗಳ ನಡುವಣ ತೆರಪು, ಎದುರುಬದುರು ಇರಿಸಿದ ಕಿಟಕಿಗಳು ಯಾವ ಉದ್ದೇಶದಿಂದ ಬಂದಿರಲಿ, ಶ್ವಾಸರೋಗಗಳ ದೃಷ್ಟಿಯಿಂದ ಅವು ಅತ್ಯುತ್ತಮವಾದ ಏರ್ಪಾಡು. ಇಂದಿನ ಮನೆಗಳಲ್ಲಿಯೂ, ಎರಚಲು ಹೊಡೆಯದ ಕಡೆಯ ಕಿಟಕಿಯೊಂದನ್ನಾದರೂ ಮಳೆಗಾಲದಲ್ಲಿ ತೆರೆದಿಡುವುದು ಸಾಧ್ಯವಿದೆ.

ಕೈಯಿಂದ ಹರಡುವ ಮಾರ್ಗ ಎರಡನೆಯದು. ಉಕ್ಕು ಪ್ಲಾಸ್ಟಿಕ್ಕುಗಳಂಥ ನುಣುಪಾದ ವಸ್ತುಗಳ ಮೇಲೆ ವೈರಸ್ ಒಂದೆರಡು ದಿನ ಜೀವಂತವಾಗಿರಬಲ್ಲುದು. ಬಟ್ಟೆ ಕಾಗದಗಳ ಮೇಲೆ ಅದಕ್ಕಿಂತ ಬಹಳ ಕಡಿಮೆ. ಕೈಯ ಮೇಲೆ ಕೆಲವೇ ನಿಮಿಷ. ಆ ನಿಮಿಷಗಳೇ ಸಾಕು, ಏಕೆಂದರೆ ಮನುಷ್ಯನ ಕೈ ಅವನಿಗೆ ಅರಿವಿಲ್ಲದಂತೆಯೇ ಪದೇಪದೇ ಕಣ್ಣು ಮೂಗುಗಳ ಬಳಿಗೆ ಹೋಗುತ್ತಿರುತ್ತದೆ. ತುಪ್ಪದ ಪಾತ್ರೆಯ ಜಿಡ್ಡು ಬರಿಯ ನೀರಿಗೆ ಬಿಡದೆ ಸಾಬೂನಿಗೆ ಬಿಡುವಂತೆಯೇ, ವೈರಸ್ಸಿನ ಕೊಬ್ಬಿನ ಕವಚವೂ ಸಾಬೂನಿನ ನೊರೆಯಲ್ಲಿ ಕರಗಿ ಛಿದ್ರವಾಗುತ್ತದೆ. ಬೆರಳ ಸಂದು, ಹೆಬ್ಬೆರಳ ಬುಡ, ಉಗುರಿನ ಅಂಚು ಇವಿಷ್ಟನ್ನೂ ಇಪ್ಪತ್ತು ಸೆಕೆಂಡು ಉಜ್ಜಿದರೆ ಅದು ನಿಷ್ಕ್ರಿಯವಾಗುವುದು ನಿಶ್ಚಯ. ಕೆಮ್ಮುವಾಗ ಅಂಗೈಯನ್ನು ಅಡ್ಡ ಹಿಡಿಯುವ ನಮ್ಮ ಅಭ್ಯಾಸ ಸೌಜನ್ಯದಿಂದ ಬಂದದ್ದೇ ಆದರೂ, ಅದೇ ಅಂಗೈ ಮುಂದೆ ನಲ್ಲಿ, ಚಿಲಕ, ಮೊಬೈಲು, ಚಿಲ್ಲರೆ ಹಣಗಳನ್ನು ಮುಟ್ಟುವುದರಿಂದ ಮೊಣಕೈಯ ಮಡಿಕೆಗೆ ಕೆಮ್ಮುವುದು ಮೇಲು. ಸೆರಗನ್ನೋ ಕರವಸ್ತ್ರವನ್ನೋ ಬಳಸುವವರು ಅದನ್ನು ಮಕ್ಕಳ ಮುಖ ಒರೆಸುವುದಕ್ಕೂ ಬಳಸದಿರುವಷ್ಟು ಜಾಗರೂಕರಾಗಿರಬೇಕು.

ರೋಗಿಯಿರುವ ಮನೆಯಲ್ಲಿ ಮಾಡತಕ್ಕ ಏರ್ಪಾಡು ದುಬಾರಿಯದೇನಲ್ಲ. ಕಿಟಕಿಯಿರುವ ಒಂದು ಕೋಣೆ ಅವನಿಗೆ ಮೀಸಲಾಗಲಿ. ಒಂದೇ ಕೋಣೆಯ ಮನೆಯಾದರೆ ಕಿಟಕಿಯ ಬಳಿ ಅವನ ಹಾಸಿಗೆಯಿರಲಿ, ಉಳಿದವರು ಸಾಧ್ಯವಾದಷ್ಟು ದೂರದಲ್ಲಿ, ಅವನ ತಲೆಯ ಕಡೆಗೆ ತಮ್ಮ ಕಾಲುಗಳು ಬರುವಂತೆ ಮಲಗಲಿ. ಶುಶ್ರೂಷೆಗೆ ಒಬ್ಬರೇ ನಿಲ್ಲಲಿ, ಅವರು ಗರ್ಭಿಣಿಯಾಗಲಿ ವೃದ್ಧರಾಗಲಿ ಆಗಿರದಿರಲಿ. ಹತ್ತಿರ ಹೋದಾಗ ರೋಗಿಯೂ ಶುಶ್ರೂಷಕರೂ ಮಾಸ್ಕ್ ಧರಿಸಲಿ. ಪಾತ್ರೆಗಳನ್ನು ಬಿಸಾಡಬೇಕಿಲ್ಲ, ಕುದಿಸಬೇಕಿಲ್ಲ. ದಿನದ ಸಾಬೂನಿನಲ್ಲಿ ಚೆನ್ನಾಗಿ ತೊಳೆದರೆ ಸಾಕು. ಎಳೆಯ ಕೂಸಿನ ತಾಯಿಗೇ ಜ್ವರ ಬಂದರೆ ಮೊಲೆಹಾಲು ಬಿಡಿಸುವುದು ಕೂಡದು. ಹಾಲಿನಲ್ಲಿ ರೋಗವಿಲ್ಲ, ಉಸಿರಿನಲ್ಲಿದೆ. ಮಾಸ್ಕ್ ಧರಿಸಿ, ಕೈ ತೊಳೆದು ಹಾಲೂಡಬಹುದು. ರೋಗಿಯನ್ನು ನೋಡಲು ಹಣ್ಣು ಹಿಡಿದು ಬರುವ ನೆಂಟರನ್ನು ಒಂದು ವಾರ ತಡೆಯುವುದು ನಮ್ಮ ಸಮಾಜದಲ್ಲಿ ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ. ಆದರೂ ಫೋನಿನಲ್ಲಿ ಕ್ಷೇಮ ವಿಚಾರಿಸಿದವನ ಪ್ರೀತಿ ಕೋಣೆಗೆ ಬಂದವನ ಪ್ರೀತಿಗಿಂತ ಕಡಿಮೆಯದೆಂದು ಯಾರೂ ಎಣಿಸಬೇಕಾಗಿಲ್ಲ.

ಮತ್ತೆ ಕೆಲಸಕ್ಕೆ ಹೋಗುವುದು ಯಾವಾಗ? ಜ್ವರ ಇಳಿಸುವ ಮಾತ್ರೆಯಿಲ್ಲದೆಯೇ ಒಂದು ಪೂರ್ತಿ ದಿನ ಜ್ವರ ಬಾರದೆ ಕಳೆದು, ಇತರ ತೊಂದರೆಗಳೂ ಇಳಿಮುಖವಾದ ಮೇಲೆ. ಅಲ್ಲಿಂದ ಮುಂದೆಯೂ ಕೆಲವು ದಿನ ಮಾಸ್ಕ್ ಇರುವುದು ಲೇಸು. ಜ್ವರವಿದ್ದರೂ ಕೆಲಸಕ್ಕೆ ಬಂದವನನ್ನು ಕರ್ತವ್ಯನಿಷ್ಠನೆಂದು ಹೊಗಳುವ, ವರ್ಷವಿಡೀ ಒಂದು ದಿನವೂ ತಪ್ಪದ ಮಗುವಿಗೆ ಹಾಜರಿಯ ಬಹುಮಾನ ಕೊಡುವ ಪದ್ಧತಿಗಳು ಪುನರ್ವಿಮರ್ಶೆಗೆ ಅರ್ಹವಾಗಿವೆ. ದಿನಗೂಲಿಯವನ ಪಾಡು ಬೇರೆ; ಮನೆಯಲ್ಲಿ ಮಲಗೆಂದು ಅವನಿಗೆ ಉಪದೇಶಿಸುವುದು ಸುಲಭ, ಆ ದಿನದ ಅಕ್ಕಿಗೆ ದಾರಿ ತೋರಿಸುವುದು ಸುಲಭವಲ್ಲ. ಮನೆಗೆಲಸದಾಕೆಗೆ, ಅಂಗಡಿಯ ಹುಡುಗನಿಗೆ, ತೋಟದಾಳಿಗೆ ಜ್ವರದ ದಿನಗಳ ಕೂಲಿಯನ್ನು ಕಡಿಯದೆ ಕೊಡುವ ಯಜಮಾನನು ದಾನ ಮಾಡುತ್ತಿರುವನೆಂದು ತಿಳಿಯಬಾರದು. ಅವನು ತನ್ನ ಮನೆಯ ವೃದ್ಧರನ್ನೂ ಮಕ್ಕಳನ್ನೂ ರಕ್ಷಿಸಿಕೊಳ್ಳುತ್ತಿದ್ದಾನೆ.

ಕಾಲದ ಈ ಲೆಕ್ಕವು ಒಂದು ಮನೆಗೆ ಸಲ್ಲುವಂತೆ ಒಂದು ದೇಶಕ್ಕೂ ಸಲ್ಲುತ್ತದೆ. 1918ರ ಬೇಸಗೆಯಲ್ಲಿ ಮುಂಬಯಿಯ ಬಂದರಿಗೆ ಬಂದ ಇನ್‌ಫ್ಲುಯೆಂಜಾ ಮೊದಲು ಸೌಮ್ಯವಾಗಿಯೇ ಇದ್ದಿತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆ ರೈಲಿನ ಹಾದಿಗಳನ್ನು ಹಿಡಿದು ಊರೂರಿಗೆ ನುಗ್ಗಿ, ಮೈಸೂರು ಸಂಸ್ಥಾನವನ್ನೂ ಒಳಗೊಂಡಂತೆ ದೇಶದ ಉದ್ದಗಲಗಳಲ್ಲಿ, ದುಡಿಯುವ ವಯಸ್ಸಿನ ಸ್ತ್ರೀಪುರುಷರನ್ನೇ ಹೆಚ್ಚಾಗಿ ಬಲಿ ತೆಗೆದುಕೊಂಡಿತು. ಸತ್ತವರ ಸಂಖ್ಯೆಯನ್ನು ಒಂದು ಕೋಟಿಗಿಂತ ಮೇಲೆಂದೇ ವಿದ್ವಾಂಸರು ಅಂದಾಜು ಮಾಡುತ್ತಾರೆ. 1921ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ ಹತ್ತು ವರ್ಷ ಹಿಂದಿನದಕ್ಕಿಂತ ಕಡಿಮೆಯಾಗಿ ಕಂಡುಬಂದಿತು. ಹಿಂದಿಯ ಮಹಾಕವಿ ನಿರಾಲಾ ಅವರು ತಮ್ಮ ಪತ್ನಿಯನ್ನೂ ಕುಟುಂಬದ ಹಲವರನ್ನೂ ಕಳೆದುಕೊಂಡದ್ದು ಈ ಮಾರಿಯಲ್ಲಿಯೇ. 1918ರ ನವೆಂಬರ್ 7ರಂದು ಪೆಸಿಫಿಕ್ ಸಾಗರದ ಪಶ್ಚಿಮ ಸಮೋವಾ ದ್ವೀಪಗಳಿಗೆ ನ್ಯೂಜಿಲೆಂಡಿನಿಂದ ತಲೂನ್ ಎಂಬ ಹಡಗು ಬಂದಿತು. ಹಡಗಿನಲ್ಲಿ ರೋಗಿಗಳಿದ್ದರೂ ಅದನ್ನು ತಡೆಯಲಿಲ್ಲ. ಕೆಲವೇ ವಾರಗಳಲ್ಲಿ ಅಲ್ಲಿನ ಜನರಲ್ಲಿ ಐವರಿಗೊಬ್ಬರಂತೆ ಮಡಿದರು. ನೆರೆಯಲ್ಲಿಯೇ ಇದ್ದ ಅಮೆರಿಕನ್ ಸಮೋವಾದ ಗವರ್ನರನು ಸಕಾಲದಲ್ಲಿ ಹಡಗುಗಳನ್ನು ದೂರವಿರಿಸಿದ್ದರಿಂದ ಅಲ್ಲಿ ಒಬ್ಬರೂ ಸಾಯಲಿಲ್ಲ. ಭಾಷೆ, ರಕ್ತ, ಹವೆ ಎಲ್ಲವೂ ಒಂದೇ ಆಗಿದ್ದ ಎರಡು ಜನಸಮುದಾಯಗಳ ನಡುವೆ ಇಷ್ಟು ಅಂತರವನ್ನು ಉಂಟುಮಾಡಿದ್ದು ಯಾವ ಔಷಧವೂ ಅಲ್ಲ.

ಔಷಧದ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ. ಬಹುಪಾಲು ರೋಗಿಗಳಿಗೆ ವಿಶ್ರಾಂತಿ, ಗಂಜಿ, ಧಾರಾಳವಾಗಿ ನೀರು, ಜ್ವರಕ್ಕೆ ಪ್ಯಾರಾಸಿಟಮಾಲ್ ಇಷ್ಟರಿಂದಲೇ ವಾರದೊಳಗೆ ಗುಣವಾಗುತ್ತದೆ. ಕೆಮ್ಮು ಸುಸ್ತುಗಳು ಎರಡು ವಾರ ಎಳೆದಾವು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಮಿದುಳು ಯಕೃತ್ತುಗಳಿಗೆ ಹಾನಿ ಮಾಡುವ ಅಪರೂಪದ ಆದರೆ ಘೋರವಾದ ವಿಕಾರವೊಂದು ಅದರಿಂದ ಹುಟ್ಟಬಹುದು. ಆ್ಯಂಟಿಬಯಾಟಿಕ್‌ಗಳು ವೈರಸ್ಸಿಗೆ ಏನನ್ನೂ ಮಾಡಲಾರವು, ಆದುದರಿಂದ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಚಾಳಿಯನ್ನು ಬಿಡಬೇಕು. ವೈರಸ್ಸನ್ನೇ ತಡೆಯುವ ಒಸೆಲ್ಟಾಮಿವಿರ್ ಎಂಬ ಔಷಧವುಂಟು. ಲಕ್ಷಣಗಳು ತೋರಿದ 48 ಗಂಟೆಗಳೊಳಗೆ ಆರಂಭಿಸಿದರೆ ಅದರ ಫಲ ಹೆಚ್ಚು. ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯ ಅಥವಾ ಮೂತ್ರಪಿಂಡದ ರೋಗವಿರುವವರು ಜ್ವರ ಬಂದ ಮೊದಲ ದಿನವೇ ವೈದ್ಯರನ್ನು ಕಾಣಬೇಕೆನ್ನುವುದು ಇದಕ್ಕಾಗಿಯೇ. ಉಳಿದವರಾದರೂ ಉಸಿರಾಡಲು ಕಷ್ಟವಾದರೆ, ಎದೆ ನೊಂದರೆ, ತುಟಿಗಳು ನೀಲಿಗಟ್ಟಿದರೆ, ಬುದ್ಧಿ ಮಂಕಾದರೆ, ಮೂತ್ರ ನಿಂತುಹೋದರೆ, ಮಗುವಿನ ಪಕ್ಕೆಲುಬುಗಳ ಸಂದು ಉಸಿರಿನೊಡನೆ ಒಳಕ್ಕೆ ಸೆಳೆಯುತ್ತಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಲಕ್ಷಣವನ್ನು ಜನರು ಅಲಕ್ಷ್ಯ ಮಾಡುವುದನ್ನು ಕಂಡು ನನಗೆ ಕಳವಳವಾಗುತ್ತದೆ: ಜ್ವರ ಬಿಟ್ಟು ಗುಣಮುಖನಾದವನಿಗೆ ಎರಡು ಮೂರು ದಿನಗಳ ತರುವಾಯ ಮತ್ತೆ ಜ್ವರವೇರಿ ಕೆಮ್ಮು ಹೆಚ್ಚಿದರೆ, ವೈರಸ್ಸಿನಿಂದ ಗಾಯಗೊಂಡ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯದ ನ್ಯುಮೋನಿಯ ಹೊಕ್ಕಿರುವ ಸಂಭವವುಂಟು. 1918ರಲ್ಲಿ ಬಹುಜನರನ್ನು ಕೊಂದದ್ದು ಇದೇ. ಆ್ಯಂಟಿಬಯಾಟಿಕ್ ಅಲ್ಲಿ ಅವಶ್ಯವಾಗುತ್ತದೆ, ಅದನ್ನು ನಿರ್ಧರಿಸತಕ್ಕವರು ವೈದ್ಯರು.

ಲಸಿಕೆಯೂ ಕಾಲವನ್ನು ಅರಿತೇ ಹಾಕಿಸಿಕೊಳ್ಳಬೇಕಾದದ್ದು. ವೈರಸ್ಸಿನ ಮುಳ್ಳುಗಳು ವರ್ಷವರ್ಷಕ್ಕೂ ಅಷ್ಟಷ್ಟೇ ಮಾರ್ಪಡುವುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ಫೆಬ್ರವರಿ ಮತ್ತು ಸೆಪ್ಟೆಂಬರುಗಳಲ್ಲಿ, ವರ್ಷಕ್ಕೆ ಎರಡು ಸಲ, ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಸೂಚಿಸುತ್ತದೆ. ಶೀತದೇಶಗಳಲ್ಲಿ ಈ ಜ್ವರ ಚಳಿಗಾಲದ್ದು. ದಕ್ಷಿಣ ಭಾರತದಲ್ಲಿ ಅದರ ದೊಡ್ಡ ಏರಿಕೆ ಮಳೆಗಾಲದಲ್ಲಿ. ಚುಚ್ಚಿದ ಮೇಲೆ ರಕ್ಷಣೆ ಹುಟ್ಟುವುದಕ್ಕೆ ಎರಡು ವಾರ ಬೇಕಾದುದರಿಂದ ನಮ್ಮಲ್ಲಿ ಏಪ್ರಿಲ್ ಮೇ ತಿಂಗಳುಗಳೇ ಪ್ರಶಸ್ತ. ತಳಿಗಳು ಸರಿಯಾಗಿ ಹೊಂದಿದ ವರ್ಷಗಳಲ್ಲಿ ಲಸಿಕೆಯು ನೂರಕ್ಕೆ 40ರಿಂದ 60ರಷ್ಟು ರಕ್ಷಣೆ ಕೊಡುತ್ತದೆ. ಅದು ಪೂರ್ಣ ಅಭಯವಲ್ಲ, ಆದರೆ ಜ್ವರ ಬಂದರೂ ಆಸ್ಪತ್ರೆಯವರೆಗೆ ಹೋಗದಂತೆ ಅನೇಕರನ್ನು ಕಾಪಾಡುತ್ತದೆ. ಆರು ತಿಂಗಳು ತುಂಬದ ಕೂಸಿಗೆ ಈ ಲಸಿಕೆಯನ್ನು ಕೊಡುವಂತಿಲ್ಲ, ರೋಗದ ಅಪಾಯವಾದರೋ ಆ ವಯಸ್ಸಿನಲ್ಲಿಯೇ ಅಧಿಕ. ಗರ್ಭದಲ್ಲಿರುವಾಗ ತಾಯಿಗೆ ಕೊಟ್ಟ ಲಸಿಕೆಯ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಇಳಿದುಬಂದು ಮೊದಲ ಕೆಲವು ತಿಂಗಳು ಅದನ್ನು ಕಾಯುತ್ತವೆ. ಉಳಿದ ರಕ್ಷಣೆ ಅದನ್ನು ಎತ್ತಿಕೊಳ್ಳುವವರದು, ಆದುದರಿಂದ ಬಾಣಂತಿಯಿರುವ ಮನೆಯ ಅಜ್ಜಿ, ತಂದೆ, ಶಾಲೆಗೆ ಹೋಗುವ ಅಣ್ಣ ಅಕ್ಕಂದಿರು ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಿಕೊಂಡಿರುವುದು ಅವಶ್ಯ.